ಹುಳಿ ಬಿಟ್ಟ ಮೇಲೆ

ಸಿರ್ಗಾಪುರ
18 ಜೂನ್ 2023

ಮಾಧುರಿಗೆ,

ಚಿ. ಸೌ. ಎಂದು ಬರೆಯಲು ಕೈ ರೂಢಿಯಂತೆ ಹೋಯಿತು, ಅಲ್ಲೇ ತಡೆದೆ. ಆ ‘ಸೌ’ ನನ್ನ ಉಮಾಕಾಂತನ ಜೊತೆ ಮಣ್ಣಿಗೆ ಹೋಗಿ ವರ್ಷ ದಾಟಿತು. ಅದರ ಬದಲಿಗೆ ಏನು ಬರೆಯಬೇಕೆಂದು ಯಾರೂ ಕಲಿಸಿಲ್ಲ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ.

ನಿನ್ನ ಕಾಗದಗಳು ಬಂದಿವೆ. ಉತ್ತರ ಬರೆಯಬಾರದೆಂದೇ ಇದ್ದೆ. ನಿಮ್ಮ ಮಾವ ಬಿಡಬೇಕಲ್ಲ. ದಿನಾ ಚಹಾ ಕುಡಿಯುವಾಗ ಅದೇ ರಾಗ. “ಸೊಸಿಗೆ ಮನಿಗೆ ಬರಬ್ಯಾಡ ಅಂದಿ, ಆತು. ಬರೀಬ್ಯಾಡ ಅಂತ ಅಂದಿಲ್ಲಲ್ಲ? ಒಂದು ಕಾಗದ ಬರದ್ರ ನಿನ್ನ ಗಂಟೇನು ಹೋಗ್ತದ?” ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿ ಪೂರಾ ಹೋಗಿವೆ. ನೀನು ಮಾತಾಡಿದರೆ ಯಾರೋ ಹಳ್ಳದಲ್ಲಿ ಬಟ್ಟೆ ಒಗೆದ ಹಾಗೆ ಕೇಳುತ್ತದೆ.

ನೀನು ತಾಂಡೂರಿನ ಕಾಲೇಜಿನಲ್ಲಿ ಪಾಠ ಹೇಳುವುದರ ಜೊತೆಗೆ ಇಲಿ ಸಾಕಿದ್ದೀಯೆಂದು ನಿನ್ನ ಮೈದುನ ಸಂಗು ಹೇಳಿದ. ಇಲಿ ಸಾಕುವುದಕ್ಕೂ ಡಾಕ್ಟರೇಟು ಕೊಡುತ್ತಾರೆಯೇ? ನಮ್ಮ ಅಟ್ಟದಲ್ಲಿ ಬೇಕಾದಷ್ಟಿದ್ದವು, ಇಲ್ಲೇ ಕೂತು ಓದಬಹುದಿತ್ತು.

ನಾನು ಸುತ್ತುಬಳಸಿ ಬರೆಯುವವಳಲ್ಲ. ಜಹೀರಾಬಾದಿನ ಆಸ್ಪತ್ರೆಯಲ್ಲಿ ಮೂತ್ರಪಿಂಡ ಕೆಟ್ಟು ಮಲಗಿದ್ದ ನನ್ನ ಮಗ, ನಾಲಿಗೆ ಸತ್ತುಹೋಗಿದೆ, ಒಂದಿಷ್ಟು ಹುಣಸೆ ತೊಕ್ಕು ಬೇಕು ಎಂದ. ಇಲ್ಲಿಂದ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದೆ. ಅವನು ಬೆರಳು ಮುಂದೆ ಚಾಚಿದ್ದ. ನೀನು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು, “ಬ್ಯಾಡ್ರಿ ಅತ್ತಿ, ಡಾಕ್ಟರು ಖಡಕ್ ಹೇಳ್ಯಾರ” ಎಂದೆ. ಆ ಬೆರಳು ಹಾಗೇ ಚಾದರದೊಳಗೆ ಹೋಯಿತು. ವಾರದೊಳಗೆ ಅವನೂ ಹೋದ.

ನಮ್ಮ ಮನೆತನದಲ್ಲಿ, ಸತ್ತವರು ಆಸೆಪಟ್ಟು ತಿನ್ನದೆ ಹೋದದ್ದನ್ನು ಹೆತ್ತವಳು ಬಾಯಿಗೆ ಹಾಕುವುದಿಲ್ಲ. ನಾನು ಹುಳಿ ಬಿಟ್ಟೆ. ಮೊದಲು ಹುಣಸೆ. ಆಮೇಲೆ ನಿಂಬೆ, ಮಾವು, ಟೊಮೆಟೊ, ಪುಂಡಿಪಲ್ಯ, ಮಜ್ಜಿಗೆ. ಈ ಯುಗಾದಿಗೆ ಹಣ್ಣನ್ನೂ ಸೊಪ್ಪನ್ನೂ ಬಿಟ್ಟೆ, ಯಾವುದರ ಹೊಟ್ಟೆಯಲ್ಲಿ ಹುಳಿ ಅಡಗಿದೆಯೋ ಯಾರು ಬಲ್ಲರು. ರೊಟ್ಟಿ, ಹಾಲು, ಬೇಳೆ ಇವೆ. ನನಗೆ ಅಷ್ಟು ಸಾಕು.

ಕಾಗದ ಮುಗಿಯಿತು, ಸಿಟ್ಟು ಮುಗಿದಿಲ್ಲ.
ಉಮಾಬಾಯಿ


ತಾಂಡೂರು
9 ಜುಲೈ 2023

ಪೂಜ್ಯ ಅತ್ತೆಯವರಿಗೆ ಮಾಧುರಿಯ ಶರಣು.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಕಾಲೇಜಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಬೈದಿದ್ದೀರಿ. ಆದರೂ ಬರೆದಿರಲ್ಲ.

ಮೊದಲು ತೊಕ್ಕಿನ ಮಾತು. ನಾನು ಕೊಡಲಿಲ್ಲ, ನಿಜ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ಹುಣಸೆಯಲ್ಲಿ ಅದೇ ತುಂಬಿರುತ್ತದೆ. ಇನ್ನಷ್ಟು ಏರಿದರೆ ಎದೆಬಡಿತ ನಿಲ್ಲುತ್ತದೆ. ಆ ದಿನವೇ ಮತ್ತೆ ಬಂದರೂ ನಾನು ಕೊಡುವುದಿಲ್ಲ. ಇದನ್ನು ನಿಮಗೆ ಹಿತವಾಗುವ ಹಾಗೆ ಬರೆಯುವುದು ನನಗೆ ಬರುವುದಿಲ್ಲ. ಆ ಬೆರಳನ್ನು ನಾನೂ ನೋಡಿದ್ದೇನೆ ಅತ್ತೆ.

ನಾನು ಸಾಕಿರುವುದು ಇಲಿಯಲ್ಲ, ಗಿನಿ ಹಂದಿ. ಹಂದಿ ಎಂದೊಡನೆ ಕಾಗದ ಕೆಳಗಿಡಬೇಡಿ. ಹೆಸರಷ್ಟೇ ಹಂದಿ, ನೋಡಲು ಬಾಲವಿಲ್ಲದ ಮೊಲದ ಮರಿ. ಹುಲ್ಲು ತಿನ್ನುತ್ತದೆ. ನಾನು ಬಾಗಿಲು ತೆಗೆದರೆ ಎಲ್ಲವೂ ಒಟ್ಟಿಗೆ ಶಿಳ್ಳೆ ಹಾಕುತ್ತವೆ.

ಎಮ್ಮೆ, ಆಡು, ನಾಯಿ, ಇಲಿ, ಇವೆಲ್ಲ ಸಿ ಜೀವಸತ್ವವನ್ನು ತಮ್ಮ ಮೈಯೊಳಗೆ ತಾವೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೂ ಈ ಪ್ರಾಣಿಗೂ ಆ ಭಾಗ್ಯವಿಲ್ಲ, ಹೊರಗಿನಿಂದ ತಿನ್ನಲೇಬೇಕು. ನಾನು ಕೆಲವಕ್ಕೆ ಕೊಡುತ್ತೇನೆ, ಕೆಲವಕ್ಕೆ ಕೊಡುವುದಿಲ್ಲ. ಆಮೇಲೆ ಅವುಗಳ ಚರ್ಮದಲ್ಲಿ ಒಂದು ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುತ್ತೇನೆ. ಕಿಣ್ವವೆಂದರೆ ಮೈಯೊಳಗಿನ ಕೆಲಸಗಾರ ಎಂದುಕೊಳ್ಳಿ. ಪುಂಡಿ ನಾರಿನಿಂದ ಮಾವನವರು ಹಗ್ಗ ಹೊಸೆಯುತ್ತಾರಲ್ಲ, ನಾರಿಗೆ ನೀರು ಚಿಮುಕಿಸದಿದ್ದರೆ ಹುರಿ ನಿಲ್ಲುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ನಮ್ಮ ಚರ್ಮ, ಒಸಡು, ರಕ್ತನಾಳ ಎಲ್ಲವೂ ಅಂಥ ಹುರಿಗಳಿಂದ ಆಗಿವೆ. ಹೊಸೆಯುವವನು ಕಿಣ್ವ, ಚಿಮುಕಿಸುವ ನೀರು ಸಿ ಜೀವಸತ್ವ.

ಇಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಧೂಳು. ಎಷ್ಟು ಸಲ ಒರೆಸಿದರೂ ಅವರ ಫೋಟೋದ ಮೇಲೆ ಬೆಳ್ಳಗೆ ಕೂರುತ್ತದೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ನೀವು ಬೈದಾದರೂ ಬರೆಯುತ್ತಿರಿ.

ನಿಮ್ಮ ಕಾಗದದ ದಾರಿ ಕಾಯುವ
ಮಾಧುರಿ


ಸಿರ್ಗಾಪುರ
22 ಅಕ್ಟೋಬರ್ 2023

ಮಾಧುರಿಗೆ,

ನಿನ್ನ ಕಾಗದವನ್ನು ಸಂಗುವಿನ ಹೆಂಡತಿ ಸರಿತಾಳಿಗೆ ಒಲೆಯ ಮುಂದೆ ಓದಿ ಹೇಳಿದೆ. “ಲಿಂಗ ಕಟ್ಟಿದ ಮನಿ ಸೊಸಿ ಹಂದಿ ಸಾಕ್ಯಾಳಂತ, ಯಾರ ಮುಂದೂ ಅನಬ್ಯಾಡ್ರಿ ಅತ್ತಿ” ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ನಕ್ಕದ್ದಕ್ಕೆ ಒಸಡಿನಿಂದ ರಕ್ತ ಬಂತು.

ಆದರೆ ರಾತ್ರಿಯೆಲ್ಲ ಆ ಪ್ರಾಣಿಗಳದೇ ಯೋಚನೆ. ನೀನು ಒಳಗೆ ಬಂದರೆ ಶಿಳ್ಳೆ ಹಾಕುತ್ತವೆ ಎಂದೆಯಲ್ಲ, ಏನೋ ತಂದಿದ್ದಾಳೆ ಎಂದು ಹಾಕುತ್ತವೆ. ನೀನು ತಂದಿರುವುದಿಲ್ಲ. ಕೊಡದೇ ಇರುವುದೇ ನಿನಗೆ ಉದ್ಯೋಗವಾಯಿತೇ? ಕಡೆಗೆ ಅವುಗಳನ್ನು ಏನು ಮಾಡುತ್ತೀ, ಅದನ್ನು ಬರೆದಿಲ್ಲ.

ನನ್ನ ಮೈ ಅಷ್ಟಕ್ಕಷ್ಟೇ. ಹಲ್ಲು ಅಲ್ಲಾಡುತ್ತಿವೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತೇನೆ. ಮೀನಖಂಡ ಹಿಡಿದುಕೊಳ್ಳುತ್ತದೆ. ಯಾರೂ ಮುಟ್ಟದಿದ್ದರೂ ತೊಡೆಯ ಮೇಲೆ ಹೊಡೆದ ಹಾಗೆ ನೀಲಿ ಬಾಸುಂಡೆ. ವಯಸ್ಸಾಯಿತು. ಇನ್ನೊಂದು ವಿಚಿತ್ರ, ಗಂಡಸರ ಮುಂದೆ ಹೇಳುವಂಥದ್ದಲ್ಲ. ಉಮಾಕಾಂತ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ, ಜಹೀರಾಬಾದಿನಲ್ಲಿ ಕೊಯ್ದು ತೆಗೆದರು. ಸುಮಾರು ನಲವತ್ತು ವರ್ಷದ ಹಿಂದಿನ ಹೊಲಿಗೆಯ ಗೆರೆ, ಮಾಸಿ ದಾರದಂತಾಗಿತ್ತು. ಅದೀಗ ಕೆಂಪಗಾಗಿ ಒಂದು ಕಡೆ ಬಿರಿದು ನೀರು ಒಸರುತ್ತಿದೆ. ನಾರಾಯಣಖೇಡದ ಡಾಕ್ಟರಿಗೆ ಒಸಡು ತೋರಿಸಿದೆ, ಹೊಟ್ಟೆ ತೋರಿಸಲು ನಾಚಿಕೆಯಾಯಿತು. ಸರಿತಾ ಅರಿಶಿನ ಹಚ್ಚುತ್ತಾಳೆ.

ನಿಜ ಹೇಳಲೇ? ಗೆರೆ ಬಿರಿದಾಗ ನನಗೆ ಹೆದರಿಕೆಯಾಗಲಿಲ್ಲ. ಅವನು ಬಂದ ದಾರಿ ಅದು. ನೋಯುವಾಗ, ಹೆತ್ತ ಮರುದಿನ ಮಲಗಿದ ಹಾಗೆಯೇ ಇರುತ್ತದೆ, ಪಕ್ಕದಲ್ಲಿ ಕೂಸು ಮಾತ್ರ ಇಲ್ಲ.

ಆ ಮೂಕಪ್ರಾಣಿಗಳಿಗೆ ಏನಾದರೂ ಹಾಕು.
ಉಮಾಬಾಯಿ


ತಾಂಡೂರು
26 ಅಕ್ಟೋಬರ್ 2023

ಅತ್ತೆ,

ಕಾಗದ ಈಗಷ್ಟೇ ಕೈಸೇರಿತು. ತೊಗರಿ ಮಾರಲು ಸಂಗು ಇಲ್ಲಿಗೆ ಬಂದಿದ್ದಾನೆ, ಅವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಅದು ವಯಸ್ಸಲ್ಲ. ನಿಮ್ಮ ಮೈಗೆ ಸಿ ಜೀವಸತ್ವ ಸಿಗುತ್ತಿಲ್ಲ. ಒಸಡು, ಬಾಸುಂಡೆ, ಬಿರಿದ ಗೆರೆ, ನೀವು ಬರೆದದ್ದೆಲ್ಲವನ್ನೂ ನಾನು ಪಂಜರದಲ್ಲಿ ದಿನಾ ನೋಡುತ್ತೇನೆ. ಗಾಯ ಒಮ್ಮೆ ಮಾಯ್ದರೆ ಮುಗಿಯಿತು ಎಂದು ತಿಳಿಯುತ್ತೇವೆ, ಅದು ಹಾಗಲ್ಲ ಅತ್ತೆ. ಮಾಯ್ದ ಜಾಗದಲ್ಲೂ ಹಳೆಯ ಎಳೆ ಸವೆಯುತ್ತಲೇ ಇರುತ್ತದೆ, ಮೈ ಹೊಸ ಎಳೆ ಹೊಸೆಯುತ್ತಲೇ ಇರಬೇಕು. ಹೊಸೆಯುವುದು ನಿಂತರೆ ನಲವತ್ತು ವರ್ಷದ ಗೆರೆಯೂ ಬಿಚ್ಚಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಒಳಗೆ ರಕ್ತ ಸುರಿದು ಜೀವಕ್ಕೇ ಬರುತ್ತದೆ.

ನಿಮ್ಮ ನೇಮ ಮುರಿಯಬೇಕಾಗಿಲ್ಲ. ಹುಳಿಯೇ ಬೇರೆ, ಈ ಜೀವಸತ್ವವೇ ಬೇರೆ. ಹುಣಸೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನುಗ್ಗೆಸೊಪ್ಪು, ಎಲೆಕೋಸು, ಮೊಳಕೆ ಬಂದ ಹೆಸರುಕಾಳು, ಇವು ಯಾವುವೂ ಹುಳಿಯಲ್ಲ. ಸಂಗುವಿನ ಕೈಯಲ್ಲಿ ಗುಳಿಗೆ ಕಳಿಸಿದ್ದೇನೆ. ಚೀಪಬೇಡಿ, ನೀರಿನೊಡನೆ ನುಂಗಿಬಿಡಿ.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಸಿಟ್ಟು ಮಾಡಲಿಕ್ಕಾದರೂ ನೀವು ಇರಬೇಕು.

ಮಾಧುರಿ


ಸಿರ್ಗಾಪುರ
28 ಡಿಸೆಂಬರ್ 2023

ಮಾಧುರಿಗೆ ನಿನ್ನ ಮಾವ ವೀರಪ್ಪನ ಆಶೀರ್ವಾದ.

ತಂಗೀ, ನೀನು ಫೋನು ಮಾಡಿದಾಗಲೆಲ್ಲ “ಎಲ್ಲಾ ಆರಾಮ ಅದ” ಎಂದೆ. ಸುಳ್ಳು. ನಿಮ್ಮ ಅತ್ತೆಗೆ ಕಿವಿ ಇಲ್ಲ, ಆದರೆ ಎದುರಿಗೆ ಕೂತು ನನ್ನ ತುಟಿ ಓದುತ್ತಾಳೆ. ಹೊರಗೆ ಹೋಗಿ ಮಾತಾಡಿದರೆ ಬಾಗಿಲಿಗೇ ಬಂದು ನಿಲ್ಲುತ್ತಾಳೆ. ಆಕೆ ಮಲಗಿದ ಹೊತ್ತಿನಲ್ಲಿ ಇದನ್ನು ಬರೆದಿದ್ದೇನೆ. ಗುಳಿಗೆಯ ನಂತರ ಬಂದ ನಿನ್ನ ಎರಡು ಕಾಗದಗಳನ್ನು ಒಡೆಯದೆ ಗೋಡೆಯ ದೇವರ ಮಾಡದಲ್ಲಿ ಇಟ್ಟಿದ್ದಾಳೆ. ಹರಿದಿಲ್ಲ, ಓದಿಲ್ಲ.

ಗುಳಿಗೆ ಬಂದ ದಿನ ಕೈಯಲ್ಲಿ ತಿರುಗಿಸಿ ನೋಡಿದಳು. ನೀನು ಬೇಡವೆಂದದ್ದನ್ನೇ ಮಾಡಿದಳು, ನಾಲಿಗೆಯ ಮೇಲಿಟ್ಟು ಚೀಪಿದಳು. ಗುಳಿಗೆಯೂ ಹುಳಿ, ಥೂ ಎಂದು ಉಗುಳಿದಳು. “ನೋಡ್ರಿ ನಿಮ್ಮ ಸೊಸಿ ಹಕೀಕತ್! ನನ್ನ ಮಗ ಬೇಡಿದ್ರ ಹುಳಿ ಕೊಡಲಿಲ್ಲ. ನಾ ಬಿಟ್ಟೀನಿ ಅಂದ್ರ ಕದ್ದು ತಿನಸಾಕ ನಿಂತಾಳ!” ಎಂದು ಕೇರಿಗೆಲ್ಲ ಕೇಳುವಂತೆ ಅಂದಳು. ಅಂದಿನಿಂದ ನುಗ್ಗೆಸೊಪ್ಪೂ ಇಲ್ಲ, ಮೊಳಕೆಕಾಳೂ ಇಲ್ಲ. ಸರಿತಾ ಎಲೆಕೋಸಿನ ಪಲ್ಯ ಮುಂದಿಟ್ಟರೆ, “ಮಾಧುರಿ ಹೇಳ್ಯಾಳೇನು? ಒಯ್ಯಿ ಒಳಗ” ಎನ್ನುತ್ತಾಳೆ.

ಈಗ ಹೊಸ್ತಿಲು ದಾಟಬೇಕಾದರೂ ಗೋಡೆ ಹಿಡಿಯುತ್ತಾಳೆ. ಮೈಯಲ್ಲಿ ರಕ್ತವೇ ಇಲ್ಲದ ಹಾಗೆ ಬಿಳಿಚಿದ್ದಾಳೆ. ಜಹೀರಾಬಾದಿಗೆ ಕರೆದುಕೊಂಡು ಹೋಗೋಣವೆಂದರೆ, ಮಗನ ಹೆಣ ಹೊರಗೆ ಬಂದ ಬಾಗಿಲಲ್ಲಿ ತಾನು ಒಳಗೆ ಹೋಗುವುದಿಲ್ಲವಂತೆ. ಒಬ್ಬನನ್ನು ಮಣ್ಣು ಮಾಡಿ ಬಂದಿದ್ದೇನೆ, ಇನ್ನೊಂದು ಸಲ ಆ ಹೊಲಕ್ಕೆ ಹೋಗುವ ಶಕ್ತಿ ನನ್ನ ಕಾಲಿಗೆ ಇಲ್ಲ.

ನನಗೊಂದು ದಾರಿ ಹೊಳೆದಿದೆ. ಗುಳಿಗೆಯನ್ನು ಪುಡಿ ಮಾಡಿ ಆಕೆಯ ಬೇಳೆಯಲ್ಲಿ ಬೆರೆಸುತ್ತೇನೆ, ಬೆಲ್ಲ ಹಾಕಿದರೆ ತಿಳಿಯಲಿಕ್ಕಿಲ್ಲ. ನೀನು ಹೂಂ ಅಂದರೆ ಹಾಕುತ್ತೇನೆ.

ನಿನ್ನ ಉತ್ತರವನ್ನು ಸಂಗುವಿನ ಹೆಸರಿಗೆ ಕಳಿಸು.
ವೀರಪ್ಪ


ತಾಂಡೂರು
2 ಜನವರಿ 2024

ಮಾವನವರಿಗೆ ಶರಣು.

ಬೇಡ ಮಾವ. ಬೆರೆಸಬೇಡಿ.

ಹೂಂ ಎಂದು ಬರೆದು, ಆ ಹಾಳೆ ಹರಿದು, ಇದನ್ನು ಬರೆಯುತ್ತಿದ್ದೇನೆ. ಒಂದು ದಿನ ಅವರಿಗೆ ತಿಳಿದೇ ತಿಳಿಯುತ್ತದೆ, ಆಮೇಲೆ ನಿಮ್ಮ ಕೈಯ ನೀರನ್ನೂ ನಂಬುವುದಿಲ್ಲ. ಅದೊಂದೇ ಕಾರಣವಲ್ಲ. ಒಬ್ಬರ ನಾಲಿಗೆಗೆ ನಾನು ಒಮ್ಮೆ ಕಾವಲು ಕೂತೆ, ಎದುರಿಗೆ ಕೂತೆ, ಬೈಸಿಕೊಂಡೆ. ಅದನ್ನು ತಾಳಿಕೊಂಡಿದ್ದೇನೆ. ಕಳ್ಳತನದಿಂದ ಮಾಡಿದರೆ ತಾಳಿಕೊಳ್ಳಲಾರೆ.

ಪ್ರಾಣಿಗಳನ್ನು ಕಡೆಗೆ ಏನು ಮಾಡುತ್ತೀ ಎಂದು ಅತ್ತೆ ಕೇಳಿದ್ದರು. ನಾನು ಉತ್ತರ ಬರೆಯಲಿಲ್ಲ. ಕೊಲ್ಲುತ್ತೇನೆ ಮಾವ. ನೋವಾಗದಂತೆ ಮಲಗಿಸಿ, ಚರ್ಮ ತೆಗೆದು, ಅರೆದು, ಅಳೆಯುತ್ತೇನೆ. ಸಿ ಸಿಗದ ಪ್ರಾಣಿಯ ಅಂಗಾಂಶದಲ್ಲಿ ಕಿಣ್ವ ಅಲುಗಾಡುವುದೇ ಇಲ್ಲ, ಸತ್ತಿದೆ ಎನ್ನಬೇಕು. ಕಳೆದ ವಾರ ಅದನ್ನಿಟ್ಟ ಗಾಜಿನ ಕೊಳವೆಗೇ ಒಂದಿಷ್ಟು ಸಿ ಬೆರೆಸಿದೆ. ಎದ್ದು ಕೆಲಸ ಶುರುಮಾಡಿತು. ಸತ್ತಿರಲಿಲ್ಲ, ಕೈಕಟ್ಟಿ ಕೂತಿತ್ತು. ಅತ್ತೆಯ ಮೈಯೂ ಹಾಗೇ ಕಾಯುತ್ತಿರುತ್ತದೆ, ತಡವಾಗಿರಲಿಕ್ಕಿಲ್ಲ. ಅಷ್ಟು ಗೊತ್ತಿದ್ದೂ ಇಲ್ಲಿ ಅಂಕಿ ಬರೆಯುತ್ತ ಕೂರಲಾರೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರುತ್ತೇನೆ. ಮನೆಗೆ ಬರಬೇಡ ಎಂದಿದ್ದಾರೆ, ಹೊಲಕ್ಕೆ ಬರಬೇಡ ಎಂದಿಲ್ಲ. ನಿಮ್ಮ ಮಗ ಇರುವುದೂ ಹೊಲದಲ್ಲೇ ಅಲ್ಲವೇ. ಕದ್ದು ಬಂದೆ ಎನ್ನಿಸಿಕೊಳ್ಳಲು ಇಷ್ಟವಿಲ್ಲ, ಅತ್ತೆಗೆ ಇದನ್ನು ತೋರಿಸಿ. ಬೈದರೆ ಬೈಯಲಿ.

ನಿಮ್ಮ ಸೊಸೆ
ಮಾಧುರಿ


ಸಿರ್ಗಾಪುರ
4 ಫೆಬ್ರವರಿ 2024

ಮಾಧುರಿಗೆ,

ಎಳ್ಳಮಾವಾಸ್ಯೆಯ ಸಂಜೆ ನೀನು ನನ್ನ ಕಡೆ ತಿರುಗಿಯೂ ನೋಡದೆ ನಾರಾಯಣಖೇಡದ ಬಸ್ಸು ಹತ್ತಿದೆ. ನಾನೂ ಕರೆಯಲಿಲ್ಲ. ಇಷ್ಟು ದಿನ ಬರೆಯಬೇಕೆಂದು ಕೂತೆ, ಎದ್ದೆ.

ನೀನು ಬರುತ್ತೀಯೆಂದು ನಿಮ್ಮ ಮಾವ ಕಾಗದ ತೋರಿಸಿದ್ದರು. ಬಂದರೆ ಮುಖ ತಿರುಗಿಸಿ ಕೂರಬೇಕೆಂದು ನಿರ್ಧಾರ ಮಾಡಿಯೇ ಬಂಡಿ ಹತ್ತಿದ್ದೆ. ಸಂಗು ಹೊಲದ ತುಂಬ ಚರಗ ಚೆಲ್ಲಿ ಬಂದ, ಭೂಮಿತಾಯಿಯ ಉಣಿಸು ಮುಗಿಯಿತು. ಸರಿತಾ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಬಡಿಸಿದಳು. ಆಗ ನೀನು ಚೀಲದಿಂದ ತೊಕ್ಕಿನ ಬಾಟಲಿ ತೆಗೆದು, ಬದುವಿನ ಮೇಲಿನ ಉಮಾಕಾಂತನ ಸಮಾಧಿಯ ಮುಂದೆ ಎಲೆ ಹಾಕಿ ಬಡಿಸಿದೆ. ನನ್ನ ಮೈಯೆಲ್ಲ ಉರಿದುಹೋಯಿತು. ಕಾಲಲ್ಲಿ ಕಸುವಿಲ್ಲದಿದ್ದರೂ ಎದ್ದು ಬಂದೆ. “ಬೇಡಿದಾಗ ಕೊಡಲಾರದಾಕಿ, ಮಣ್ಣಿಗೆ ಯಾಕ ತಂದಿ?” ಎಂದೆ.

ನೀನು ಸಮಾಧಿಯ ಕಡೆ ಮುಖ ಮಾಡಿ ಏನೋ ಅಂದೆ, ತುಟಿ ಕಾಣಲಿಲ್ಲ. ನನಗೆ ಕೇಳಿಸಲಿಲ್ಲ. “ಏನಂದಿ?” ಎಂದೆ. ಮತ್ತೆ ಅಂದೆ, ಆಗಲೂ ಕೇಳಿಸಲಿಲ್ಲ. ಆಗ ನೀನು ಮುಷ್ಟಿ ಬಿಗಿದು ಕೂಗಿದೆ. “ಆಗ ಅವರು ಬದಕಬೇಕಾಗಿತ್ತರೀ ಅತ್ತಿ! ಅದಕ್ಕ ಕೊಡಲಿಲ್ಲ! ಈಗ ಯಾತಕ್ಕ ತಡೀಲಿ?” ಅಕ್ಕಪಕ್ಕದ ಹೊಲಗಳಲ್ಲಿ ಉಣ್ಣಲು ಕೂತವರೆಲ್ಲ ಕೈಯಲ್ಲಿ ತುತ್ತು ಹಿಡಿದು ನಮ್ಮ ಕಡೆ ನೋಡಿದರು. ಮಂದಿ ಕಿವಿಯಲ್ಲಿ ಹೇಳಿಕೊಳ್ಳುವ ಮಾತನ್ನು ನಿನ್ನಿಂದ ಊರಿಗೇ ಕೂಗಿಸಿದೆ. ಅವನು ಸತ್ತಾಗಲೂ ನೀನು ಬಾಯಿಬಿಟ್ಟು ಅತ್ತವಳಲ್ಲ. ಬಾವಿಯ ಕಲ್ಲಿನ ಹಾಗೆ ಇದ್ದೆ. ಅದಕ್ಕೇ ನನ್ನ ಸಿಟ್ಟು ಇಷ್ಟು ದಿನ ನಡೆಯಿತು. ಅಂದು ಕೂಗುತ್ತಲೇ ನೀನು ಅತ್ತದ್ದು ನನ್ನ ಕಿವಿಗೂ ಕೇಳಿಸಿತು.

ಸಮಾಧಿಗೆ ಇಟ್ಟದ್ದನ್ನು ಮನೆಯ ಹಿರಿಯಳು ಮೊದಲು ಬಾಯಿಗೆ ಹಾಕಬೇಕು, ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ. ಈ ರೀತಿ ನನ್ನ ಅತ್ತೆ ಮಾಡಿಟ್ಟದ್ದು, ನಾನೂ ಮುರಿದಿರಲಿಲ್ಲ. ಸಂಗುವಿನ ಮಕ್ಕಳು ಬಡಿಸಿದ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದವು. ನಿಮ್ಮ ಮಾವ ತಲೆ ತಗ್ಗಿಸಿದ್ದರು. ನೀನು ತಿನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೊಮ್ಮಕ್ಕಳನ್ನು ಉಪವಾಸ ಕೆಡವಿ ಯಾವ ನೇಮ ನಡೆಸಲಿ? ಅವನ ಎಲೆಯಿಂದ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ಒಸಡು ಬೆಂಕಿ ಇಟ್ಟ ಹಾಗೆ ಉರಿಯಿತು. ಹುಳಿ ಒಂದೇ ಏಟಿಗೆ ಕಣ್ಣಿಗೆ ಏರಿತು.

ಮುರಿದ ಮೇಲೆ ಒಂದೇನು, ಹತ್ತೇನು. ನಿನ್ನ ಗುಳಿಗೆ ನುಂಗಿದೆ. ನುಗ್ಗೆಸೊಪ್ಪು ತಿಂದೆ, ಪೇರಲ ತಿಂದೆ. ಮೈಗೆ ಎಷ್ಟು ನಾಚಿಕೆಗೇಡು ನೋಡು, ಒಂದು ವಾರದಲ್ಲಿ ಒಸಡಿನ ರಕ್ತ ನಿಂತಿತು. ಬಾಸುಂಡೆ ಇಳಿದವು. ಮೊನ್ನೆ ಬಾವಿಯವರೆಗೆ ನಾನೇ ನಡೆದುಹೋದೆ. ನಿಮ್ಮ ಮಾವ ಹಿಂದೆಯೇ ಬಂದು, ನಾನು ತಿರುಗಿದಾಗ ಹಗ್ಗ ಹುಡುಕುವವರ ಹಾಗೆ ನಟಿಸಿದರು.

ನೀನು ಕೊಡದಿದ್ದದ್ದು ಸರಿಯೆಂದು ನನ್ನ ತಲೆ ಒಪ್ಪಿದೆ. ಹೊಟ್ಟೆ ಇನ್ನೂ ಒಪ್ಪಿಲ್ಲ. ಒಪ್ಪಿತು ಎಂದು ಬರೆದರೆ ನಿನಗೆ ಹಿತವಾಗುತ್ತಿತ್ತು, ಆದರೆ ನಿನ್ನ ಹಾಗೆ ನನಗೂ ಆ ವಿದ್ಯೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಸರಿತಾ ಅರಿಶಿನ ಹಚ್ಚಲು ಬಂದವಳು ಖುಷಿಯಿಂದ, “ಗೆರಿ ಕೂಡ್ಯಾದ್ರಿ ಅತ್ತಿ! ಪೂರಾ ಮುಚ್ಚ್ಯಾದ!” ಎಂದಳು. ನಾನು ಮುಟ್ಟಿ ನೋಡಿದೆ. ನೋಯಲಿಲ್ಲ. ಒತ್ತಿ ನೋಡಿದೆ, ಆಗಲೂ ನೋಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ, ಅಳು ನಿಲ್ಲಲಿಲ್ಲ. ಅವಳು ಹೆದರಿ ನಿಮ್ಮ ಮಾವನನ್ನು ಕರೆದಳು. ಅವರಿಗೆ ಏನೆಂದು ಹೇಳಲಿ? ಈ ಮನೆಯಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ.

ನೀನು ನನ್ನನ್ನು ಉಳಿಸಿದೆ ಮಾಧುರಿ. ನನ್ನ ಮಗ ಬಂದ ದಾರಿ ಮುಚ್ಚಿಹೋಯಿತು.

ಉಮಾಬಾಯಿ